ಬಾಣಂತನಕ್ಕೆ ಬಂದ ಮಗಳಿಗೆ ಊಟ ಹಾಕೋರು ಯಾರು?

ಏಳನೇ ಕ್ಲಾಸಿನ ಹುಡುಗನನ್ನು ನಿಲ್ಲಿಸಿಕೊಂಡು 'ಆಹಾರ ಸರಪಳಿ ಅಂದರೇನಪ್ಪಾ?' ಎಂದು ಕೇಳಿ ನೋಡಿ. ಉಸಿರು ಬಿಡದೆ ಒಪ್ಪಿಸುತ್ತಾನೆ. ಹುಲ್ಲನ್ನು ಜಿಂಕೆ ತಿನ್ನುತ್ತದೆ, ಜಿಂಕೆಯನ್ನು ಹುಲಿ ತಿನ್ನುತ್ತದೆ, ಹುಲಿ ಸತ್ತರೆ ಮಣ್ಣಿಗೆ ಗೊಬ್ಬರ. ಎರಡು ಮಾರ್ಕು ಬಂತು, ಪಾಠ ಮುಗೀತು. ಜಿಂಕೆಯನ್ನು ಆ ಹುಡುಗ ನೋಡಿದ್ದು ಪುಸ್ತಕದ ಚಿತ್ರದಲ್ಲಿ, ಹುಲಿಯನ್ನು ನೋಡಿದ್ದು ಮೈಸೂರಿನ ಮೃಗಾಲಯದಲ್ಲಿ. ಅದೇ ಸರಪಳಿ ಅವನ ಜಿಲ್ಲೆಯಲ್ಲೇ, ಅವನ ಊರಿನ ಬಸ್ಸು ಹೋಗುವ ದಾರಿಯಲ್ಲೇ, ಹುಣಸೇಮರದ ಮೇಲೆ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತದೆ ಅನ್ನೋದನ್ನ ಮಾತ್ರ ಯಾರೂ ಅವನಿಗೆ ಹೇಳಿಲ್ಲ.

ಬೆಂಗಳೂರು-ಮೈಸೂರು ಹಳೇ ರಸ್ತೆಯಲ್ಲಿ ಮದ್ದೂರಿಗೆ ಸಮೀಪ ರುದ್ರಾಕ್ಷಿಪುರ. ಅಲ್ಲಿ ತಿರುಗಿ ಸುಮಾರು 12 ಕಿ.ಮೀ. ಹೋದರೆ ಕೊಕ್ಕರೆ ಬೆಳ್ಳೂರು. ಮಂಡ್ಯ ಜಿಲ್ಲೆಯವರಿಗೆ ಹೆಸರು ಹೊಸದಲ್ಲ. ದಿನಾ ಆ ರಸ್ತೆಯಲ್ಲಿ ಓಡಾಡೋರಲ್ಲಿ ಎಷ್ಟು ಜನ ಊರೊಳಕ್ಕೆ ಹೋಗಿ ನೋಡಿದ್ದಾರೆ ಅನ್ನೋದು ಬೇರೆ ಮಾತು. ದೂರದ ಊರಿನವರು ಕ್ಯಾಮೆರಾ ನೇತುಹಾಕಿಕೊಂಡು ಬರುತ್ತಾರೆ, ನಮ್ಮವರು 'ಹಕ್ಕಿಯಲ್ಲವೇ, ನಾಳೆ ನೋಡಿದರಾಯ್ತು' ಎನ್ನುತ್ತಾರೆ. ಆ ನಾಳೆ ಎಷ್ಟು ದಿನ ಉಳಿದೀತು ಎಂಬುದೇ ಇಲ್ಲಿಯ ಪ್ರಶ್ನೆ.

ಹಿತ್ತಲ ಮರದಲ್ಲಿ ಹೆರಿಗೆ ವಾರ್ಡು

ಇಲ್ಲಿಗೆ ಬರುವವು ಮುಖ್ಯವಾಗಿ ಎರಡು ಜಾತಿ. ಒಂದು ಹೆಜ್ಜಾರ್ಲೆ. ನಾಲ್ಕರಿಂದ ಆರು ಕೆ.ಜಿ. ತೂಗುವ ಭಾರಿ ಹಕ್ಕಿ, ಕೊಕ್ಕಿನ ಕೆಳಗೆ ಜೋಳಿಗೆ. ಇನ್ನೊಂದು ಬಣ್ಣದ ಕೊಕ್ಕರೆ. ಉದ್ದ ಕಾಲು, ಹಳದಿ ಕೊಕ್ಕು, ಬೆನ್ನ ಹಿಂದೆ ಗುಲಾಬಿ ಬಣ್ಣದ ಸೆರಗು. ಡಿಸೆಂಬರ್ ಹೊತ್ತಿಗೆ ಬಂದು ಮರದ ತುದಿಯಲ್ಲಿ ಕಡ್ಡಿ ಕೂಡಿಸಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ, ಮುಂಗಾರು ಹಿಡಿಯುವ ಹೊತ್ತಿಗೆ ಮಕ್ಕಳನ್ನು ಕಟ್ಟಿಕೊಂಡು ಹೊರಟುಬಿಡುತ್ತವೆ.

ವಿಶೇಷ ಏನೆಂದರೆ ಇವು ಗೂಡು ಕಟ್ಟುವುದು ಕಾಡಿನಲ್ಲಲ್ಲ. ಇದೇ ಜಿಲ್ಲೆಯ ರಂಗನತಿಟ್ಟಿನಲ್ಲಿ ಹಕ್ಕಿಗಳಿಗೆ ಕಾವೇರಿ ನಡುವಿನ ದ್ವೀಪಗಳಿವೆ, ಸುತ್ತ ನೀರಿದೆ, ನೀರಿನಲ್ಲಿ ಮೊಸಳೆಯ ಕಾವಲಿದೆ. 1940ರಿಂದ ಅದು ಪಕ್ಷಿಧಾಮ, 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಬೆಳ್ಳೂರಿನಲ್ಲಿ ದ್ವೀಪವೂ ಇಲ್ಲ, ಮೊಸಳೆಯೂ ಇಲ್ಲ. ಹಿತ್ತಲ ಹುಣಸೆ, ಬೀದಿಯ ಅರಳಿ, ಹೊಲದ ಬದುವಿನ ಗೊಬ್ಬಳಿ, ಇಷ್ಟೇ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ಬೆಳಗುತ್ತಾರೆ, ಮಕ್ಕಳು ಗೋಲಿ ಆಡುತ್ತವೆ. ಮೇಲೆ ಹೆಜ್ಜಾರ್ಲೆ ಕಾವಿಗೆ ಕೂತಿರುತ್ತದೆ. ಅಲ್ಲಿ ಕಾವಲುಗಾರ ಯಾರು ಅಂದರೆ ಊರಿನ ಜನ.

ಊರಿನವರು ಈ ಹಕ್ಕಿಗಳನ್ನು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಪ್ಲೇಗಿನ ಕಾಲದಲ್ಲಿ ಊರು ಶಿಂಷಾ ನದಿಯ ಪಕ್ಕದಿಂದ ಈಗಿನ ಜಾಗಕ್ಕೆ ಎದ್ದು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂಬುದು ಅಲ್ಲಿಯ ಹಿರೀಕರ ಮಾತು. ಹೊರಗಿನ ಜಗತ್ತಿಗೆ ಇದು ಗೊತ್ತಾಗಿದ್ದು 1976ರಲ್ಲಿ, ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ್ ಅವರು ನೋಡಿ ಬರೆದ ಮೇಲೆ. ಊರಿಗೆ ಅದಕ್ಕೂ ಎಷ್ಟೋ ಮುಂಚಿನಿಂದ ಗೊತ್ತಿತ್ತು!

ಎರಡು ಹಕ್ಕಿ, ಒಂದು ಕೆರೆ

ಈಗ ಪಾಠಕ್ಕೆ ಬರೋಣ. ಜೀವಿಗೆ ಏನೇನು ಬೇಕು ಎಂದು ಪುಸ್ತಕ ಹೇಳುತ್ತದೆ: ಗಾಳಿ, ನೀರು, ಆಹಾರ, ಇರಲು ಜಾಗ. ಹೆಜ್ಜಾರ್ಲೆಗೆ ಇರಲು ಜಾಗ ಬೆಳ್ಳೂರಿನ ಮರ. ಊಟ ಮಾತ್ರ ಅಲ್ಲಿಲ್ಲ. ಊಟಕ್ಕೆ ಶಿಂಷಾ ನದಿಗೆ ಹೋಗಬೇಕು, ತೈಲೂರು ಕೆರೆಗೆ ಹೋಗಬೇಕು, ಮದ್ದೂರು ಕೆರೆಗೆ ಹೋಗಬೇಕು, ಸುತ್ತಲ ಇನ್ನೆಷ್ಟೋ ಕೆರೆಗಳಿಗೆ ಹೋಗಬೇಕು. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಕ್ಕಿಯೂ ಡೈಲಿ ಪ್ಯಾಸೆಂಜರೇ.

ಎರಡು ಜಾತಿಯೂ ತಿನ್ನುವುದು ಮೀನು. ಹಾಗಾದರೆ ಜಗಳವಿಲ್ಲವೇ? ಇಲ್ಲ. ಹೆಜ್ಜಾರ್ಲೆ ನೀರಲ್ಲಿ ತೇಲುತ್ತ ಹೋಗಿ, ಜೋಳಿಗೆಯನ್ನು ಬಲೆಯಂತೆ ಹಾಸಿ, ನೀರು ಮೀನು ಎರಡನ್ನೂ ಎತ್ತಿ, ನೀರು ಬಸಿದು ಮೀನು ನುಂಗುತ್ತದೆ. ಬಣ್ಣದ ಕೊಕ್ಕರೆ ತೇಲುವುದಿಲ್ಲ. ದಂಡೆಯ ತೆಳುನೀರಿನಲ್ಲಿ ಕಾಲೂರಿ, ಕೊಕ್ಕನ್ನು ಅರೆ ತೆರೆದು ನೀರಲ್ಲಿ ಆಡಿಸುತ್ತದೆ. ಮೀನು ತಾಕಿತೋ, ಪಟ್ ಎಂದು ಕೊಕ್ಕು ಮುಚ್ಚಿತು. ಕಣ್ಣಿಗಿಂತ ತಾಕುವುದನ್ನೇ ನೆಚ್ಚಿದ ಬೇಟೆ ಅದು. ಒಬ್ಬನದು ಆಳದ ವ್ಯಾಪಾರ, ಇನ್ನೊಬ್ಬನದು ದಂಡೆಯ ವ್ಯಾಪಾರ. ಒಂದೇ ಬೀದಿಯಲ್ಲಿ ದಿನಸಿ ಅಂಗಡಿಯೂ ಬಟ್ಟೆ ಅಂಗಡಿಯೂ ಬಾಳುವ ಹಾಗೆ.

ಈ ಒಂದು ಸಂಗತಿ ತಿಳಿದಿದ್ದರೆ ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಎಷ್ಟೋ ಕಡೆ ನಡೆಯುವ ಅನಾಹುತ ನಡೆಯುತ್ತಿರಲಿಲ್ಲ. ಜೆಸಿಬಿ ತಂದು ಕೆರೆಯನ್ನು ಬಾಣಲೆಯ ಹಾಗೆ ಕೊರೆಯುವುದು, ದಂಡೆಗೆ ಕಡಿದಾಗಿ ಕಲ್ಲು ಕಟ್ಟುವುದು, ಸುತ್ತ ವಾಕಿಂಗ್ ದಾರಿ ಮಾಡಿ ದೀಪ ಹಾಕುವುದು. ಫೋಟೋಗೆ ಚೆನ್ನಾಗಿರುತ್ತದೆ, ನೀರೂ ನಿಂತಿರುತ್ತದೆ. ಆದರೆ ಕೊಕ್ಕರೆಗೆ ಕಾಲೂರಲು ತೆಳುನೀರೇ ಇಲ್ಲ. ಮೀನು ಮೊಟ್ಟೆಯಿಡಲು ಹುಲ್ಲು ಬೆಳೆದ ಅಂಚೇ ಇಲ್ಲ. ಹೂಳು ತೆಗೆಯಬೇಡಿ ಎಂದು ಯಾರೂ ಹೇಳುತ್ತಿಲ್ಲ ಸ್ವಾಮಿ. ಒಂದು ಬದಿಯಾದರೂ ಇಳಿಜಾರಾಗಿ ಬಿಡಿ ಎಂಬುದಷ್ಟೇ ಮಾತು.

ನೂರಕ್ಕೆ ತೊಂಬತ್ತು ಕಮಿಷನ್

ಮೀನು ಎಲ್ಲಿಂದ ಬಂತು? ಬಿಸಿಲಿನಿಂದ. ನಗಬೇಡಿ. ನೀರಿನಲ್ಲಿರುವ ಪಾಚಿ ಬಿಸಿಲು ಹಿಡಿದು ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಪಾಚಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು ತಿನ್ನುತ್ತವೆ. ಹುಳುಗಳನ್ನು ಮೀನು, ಮೀನನ್ನು ಹೆಜ್ಜಾರ್ಲೆ. ಪ್ರತಿ ಮೆಟ್ಟಿಲಲ್ಲೂ ತಿಂದದ್ದರಲ್ಲಿ ಬಹುಪಾಲು ಓಡಾಡಲು, ಉಸಿರಾಡಲು ಖರ್ಚಾಗಿ, ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲಿನವನಿಗೆ ಸಿಗುತ್ತದೆ. ಅಮೆರಿಕದ ಲಿಂಡೆಮನ್ ಎಂಬ ಯುವ ವಿಜ್ಞಾನಿ ಕೆರೆಯೊಂದನ್ನು ಅಳೆದು 1942ರಲ್ಲಿ ಮುಂದಿಟ್ಟ ವಿಚಾರದಿಂದ ಹುಟ್ಟಿದ ಲೆಕ್ಕ ಇದು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ಕೈ ಬದಲಾದಾಗಲೂ ನೂರಕ್ಕೆ ತೊಂಬತ್ತು ಕಮಿಷನ್!

ಅಂದಾಜಿಗೆ ಲೆಕ್ಕ ಹಾಕಿ. ಒಂದು ಕೆ.ಜಿ. ಹೆಜ್ಜಾರ್ಲೆಗೆ ಹತ್ತು ಕೆ.ಜಿ. ಮೀನು. ಹತ್ತು ಕೆ.ಜಿ. ಮೀನಿಗೆ ನೂರು ಕೆ.ಜಿ. ಹುಳು. ಅದಕ್ಕೆ ಸಾವಿರ ಕೆ.ಜಿ. ಪಾಚಿ. ಐದು ಕೆ.ಜಿ.ಯ ಒಂದು ಹಕ್ಕಿ ನಿಂತಿರುವುದು ಐದು ಟನ್ ಹಸಿರಿನ ಮೇಲೆ. ಇದು ತಕ್ಕಡಿಯಲ್ಲಿ ತೂಗಿದ್ದಲ್ಲ, ತಿಳಿಯಲಿಕ್ಕೆ ಹಾಕಿದ ಲೆಕ್ಕ. ಆದರೂ ಬುಡ ಅಗಲವಿಲ್ಲದಿದ್ದರೆ ತುದಿ ನಿಲ್ಲದು ಎಂಬುದು ಇದರಿಂದ ಗೊತ್ತಾಗುತ್ತದೆ. ಕೆರೆ ಅರ್ಧ ಮುಚ್ಚಿಹೋದರೆ ಹಕ್ಕಿಗೆ ಅರ್ಧ ಹೊಟ್ಟೆ. ಪೂರ್ತಿ ಬತ್ತಿದರೆ ಆ ವರ್ಷ ಗೂಡೇ ಇಲ್ಲ.

ಇದು ಅಂಗಡಿಯವರಿಗೆ ಅರ್ಥವಾಗುವಷ್ಟು ಬೇರೆ ಯಾರಿಗೂ ಅರ್ಥವಾಗಲಾರದು. 2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾಯಿತು. ಕಾರುಗಳು ಪೇಟೆಯೊಳಕ್ಕೆ ಬಾರದೆ ಮೇಲಿಂದ ಮೇಲೆ ಹಾರಿಹೋದವು. ವಡೆ ಹೋಟೆಲಿನವರು, ಎಳನೀರಿನವರು, ಚನ್ನಪಟ್ಟಣದ ಬೊಂಬೆ ಅಂಗಡಿಯವರು ತಲೆಮೇಲೆ ಕೈಹೊತ್ತು ಕೂತಿದ್ದು ಎಲ್ಲರಿಗೂ ಗೊತ್ತು. ಹೋಟೆಲಿಗೆ ಯಾರೂ ಬೀಗ ಹಾಕಲಿಲ್ಲ, ಗಿರಾಕಿ ಬರುವ ದಾರಿ ಬದಲಾಯಿತು, ಅಷ್ಟೇ. ಹೋಟೆಲಿಗೆ ಪೆಟ್ಟು ಬಿತ್ತು. ಹೋಟೆಲನ್ನು ನಂಬಿದ ಹಾಲಿನವನಿಗೆ, ಸೌದೆಯವನಿಗೆ, ಎಲೆ ಮಾರುವವಳಿಗೂ ಬಿತ್ತು. ಜೀವಿಯೂ ಅದರ ಪರಿಸರವೂ ಅಂದರೆ ಇದೇ. ಮರ ಕಡಿಯದೆಯೂ, ಕಲ್ಲು ಹೊಡೆಯದೆಯೂ ಹಕ್ಕಿಯನ್ನು ಕೊಲ್ಲಬಹುದು. ಹದಿನೈದು ಮೈಲಿ ಆಚೆಯ ಕೆರೆ ಕೆಟ್ಟರೆ ಸಾಕು.

2017ರ ಡಿಸೆಂಬರ್ ಹೇಳಿದ್ದು

ಹಾಗೆ ಕೆಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಸೂಚನೆ ಸಿಕ್ಕಿದೆ. 2017ರ ಕೊನೆಗೆ, 2018ರ ಮೊದಲಿಗೆ, ಬೆಳ್ಳೂರಿನ ಮರಗಳಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ಕೆಳಗೆ ಬಿದ್ದು ಸತ್ತವು. ಹತ್ತಾರು ಹಕ್ಕಿಗಳು ಹೋದವು. ಊರು ಕಂಗಾಲಾಯಿತು. ಕೊಯ್ದು ಪರೀಕ್ಷೆ ಮಾಡಿದ ಪಶುವೈದ್ಯರಿಗೆ ಹೊಟ್ಟೆಯೊಳಗೆ ಸಿಕ್ಕಿದ್ದು ದುಂಡುಹುಳುಗಳ ರಾಶಿ.

ಈ ಜಾತಿ ಹುಳುವಿನ ಸಂಸಾರ ಕೇಳಿ. ಹಕ್ಕಿಯ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ನೀರಿಗೆ ಬೀಳುತ್ತದೆ. ಮೊಟ್ಟೆಯಿಂದ ಬಂದ ಮರಿಯನ್ನು ನೀರಿನ ಸಣ್ಣ ಜೀವಿ ನುಂಗುತ್ತದೆ. ಅದನ್ನು ಮೀನು ನುಂಗುತ್ತದೆ. ಮೀನನ್ನು ಹೆಜ್ಜಾರ್ಲೆ ನುಂಗುತ್ತದೆ. ಅಲ್ಲಿ ಹುಳು ದೊಡ್ಡದಾಗಿ ಮತ್ತೆ ಮೊಟ್ಟೆ. ಊಟದ ಸರಪಳಿ ಯಾವ ದಾರಿಯಲ್ಲಿ ಹೋಗುತ್ತದೋ ರೋಗದ ಸರಪಳಿಯೂ ಅದೇ ದಾರಿಯಲ್ಲಿ, ಅದೇ ಟಿಕೆಟ್ಟಿನಲ್ಲಿ! ನಾಲ್ಕಾರು ಹುಳು ಇದ್ದರೆ ಗಟ್ಟಿ ಹಕ್ಕಿ ತಡೆದುಕೊಳ್ಳುತ್ತದೆ. ನೀರು ಇಳಿದು, ಮೀನೂ ಹಕ್ಕಿಯೂ ಒಂದೇ ಗುಂಡಿಯಲ್ಲಿ ಒತ್ತಾದಾಗ, ಹೊಟ್ಟೆಗೆ ಸಾಲದೆ ಹಕ್ಕಿ ಸೊರಗಿದಾಗ, ಅದೇ ಹುಳು ಯಮನಾಗಬಲ್ಲದು. ಆ ವರ್ಷ ಹೀಗೆಯೇ ಆಯಿತೆಂದು ತೀರ್ಪು ಕೊಡುವುದು ಪತ್ರಿಕೆಯ ಕೆಲಸವಲ್ಲ. ಆದರೆ ಹಕ್ಕಿಯ ಹೊಟ್ಟೆ ಕೆರೆಯ ಕನ್ನಡಿ ಎಂಬುದರಲ್ಲಿ ಅನುಮಾನವಿಲ್ಲ.

ಚರಂಡಿ ನೀರಿನ ಕಥೆಯೂ ಇಂಥದ್ದೇ. ಸೋಪಿನ ನೀರು, ಕಕ್ಕಸಿನ ನೀರು, ಗದ್ದೆಯ ರಸಗೊಬ್ಬರ ತೊಳೆದು ಬಂದ ನೀರು ಕೆರೆ ಸೇರಿದರೆ ಪಾಚಿಗೆ ಹಬ್ಬದೂಟ. ಕೆರೆ ಹಸಿರು ರಂಗೇರುತ್ತದೆ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಸರಿ. ರಾತ್ರಿ ಬಿಸಿಲಿಲ್ಲ, ಪಾಚಿಯೂ ಉಸಿರಾಡುತ್ತದೆ, ಸತ್ತ ಪಾಚಿಯನ್ನು ಕೊಳೆಸುವ ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ಬೆಳಗಿನ ಜಾವದ ಹೊತ್ತಿಗೆ ನೀರಲ್ಲಿ ಆಮ್ಲಜನಕ ಖಾಲಿ. ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ, ಹೊತ್ತು ಮೂಡುವಾಗ ಹೊಟ್ಟೆ ಮೇಲಾಗಿ ತೇಲುತ್ತವೆ. ಊರಲ್ಲಿ 'ಯಾರೋ ವಿಷ ಹಾಕವ್ರೆ' ಎಂದು ಗುಲ್ಲು. ಹಾಕಿದವರು ಯಾರೋ ಅಲ್ಲ, ನಾವೇ, ದಿನಾ ಒಂದೊಂದು ಬಕೆಟ್ಟು. ಇದರ ಮೇಲೆ ನೀಲಿ ಹೂವಿನ ಅಂತರಗಂಗೆ ಕಳೆ ಹಬ್ಬಿತೆಂದರೆ ಮುಗೀತು. ಅದು ದಕ್ಷಿಣ ಅಮೆರಿಕದಿಂದ ಬಂದ ಗಿಡ. ಅದು ಮುಚ್ಚಿದ ಕೆರೆಯಲ್ಲಿ ಹೆಜ್ಜಾರ್ಲೆಗೆ ಜೋಳಿಗೆ ಹಾಸಲೂ ಜಾಗವಿಲ್ಲ.

ಮರದ ಯಜಮಾನನ ಲೆಕ್ಕ

ಇನ್ನು ಮರದ ವಿಚಾರ. ಹಕ್ಕಿ ಗೂಡು ಕಟ್ಟುವ ಕಾಲವೂ ಹುಣಸೆಹಣ್ಣು ಬಡಿಯುವ ಕಾಲವೂ ಒಂದೇ. ಗೂಡಿರುವ ಮರಕ್ಕೆ ಕೋಲು ಹಾಕಿದರೆ ಮೊಟ್ಟೆ ಉದುರುತ್ತದೆ. ಆದ್ದರಿಂದ ಬೆಳ್ಳೂರಿನ ಯಜಮಾನ ಹಣ್ಣು ಬಿಟ್ಟ. ಒಂದು ವರ್ಷವಲ್ಲ, ತಲೆಮಾರುಗಟ್ಟಲೆ ಬಿಟ್ಟ. ಹಕ್ಕಿಯೂ ಬಿಟ್ಟಿ ಬಾಡಿಗೆಗೆ ಇರಲಿಲ್ಲ. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಜನ ಗುಂಡಿ ತೋಡಿ, ಕೆರೆ ಗೋಡು ಬೆರೆಸಿ, ಗೊಬ್ಬರ ಮಾಡಿ ಹೊಲಕ್ಕೆ ಹೊಡೆದರು. ಕೆರೆಯ ಸಾರ ಮೀನಾಗಿ, ಮೀನು ಹಿಕ್ಕೆಯಾಗಿ, ಹಿಕ್ಕೆ ರಾಗಿಯಾಯಿತು. ಪುಸ್ತಕದಲ್ಲಿ ಇದಕ್ಕೆ ಪೋಷಕಾಂಶಗಳ ಚಕ್ರ ಎಂಬ ದೊಡ್ಡ ಹೆಸರಿದೆ. ಬೆಳ್ಳೂರಿನಲ್ಲಿ ಹೆಸರಿಲ್ಲದೆ ನಡೆಯಿತು.

ಈಗ ಕಾಲ ಹಾಗಿಲ್ಲ. ಮೂಟೆಯಲ್ಲಿ ಯೂರಿಯಾ ಸಿಗುತ್ತದೆ, ಹಿಕ್ಕೆ ಬಾಚುವ ಕೈ ಕಡಿಮೆ. ಹುಣಸೆಗೆ ಬೆಲೆಯಿದೆ, ಸೈಟಿಗೆ ಇನ್ನೂ ಬೆಲೆಯಿದೆ. ಹೆಂಚಿನ ಮನೆ ತೆಗೆದು ತಾರಸಿ ಮನೆ ಕಟ್ಟುವವನಿಗೆ ಹಿತ್ತಲ ಮರ ಅಡ್ಡ. ಮೀನಿನ ವಾಸನೆ, ಬಟ್ಟೆ ಮೇಲೆ ಬಿಳಿ ಹಿಕ್ಕೆ, ಇವೆಲ್ಲ ನಿಜವೇ. ಪಟ್ಟಣದಲ್ಲಿ ಕೂತು 'ಪಕ್ಷಿಪ್ರೇಮ ಇರಬೇಕು' ಎಂದು ಉಪದೇಶ ಮಾಡುವವರು ಒಂದು ತಿಂಗಳು ಆ ಮರದ ಕೆಳಗೆ ಸಂಸಾರ ಮಾಡಿ ನೋಡಲಿ.

ಸರ್ಕಾರಕ್ಕೆ ಇದು ತಿಳಿಯದ್ದಲ್ಲ. ಗೂಡಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಇದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಪ್ರಕಾರ 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿದ್ದೂ ಆಗಿದೆ. ಜಮೀನು ಜನರದೇ, ರಕ್ಷಣೆಯಲ್ಲಿ ಜನರಿಗೂ ಪಾಲು ಎಂಬುದು ಅದರ ಅರ್ಥ. ಒಳ್ಳೇ ಕಾನೂನು. ಆದರೆ ಕೊಡುವ ಪರಿಹಾರ ಬಿಟ್ಟ ಫಸಲಿಗೆ ಸಮನಲ್ಲ ಎಂಬ ದೂರು ಹಳೆಯದು. ಜನರ ಪಾಲು ಬರೀ ತ್ಯಾಗದ ಪಾಲಾದರೆ ಎಷ್ಟು ದಿನ ನಡೆದೀತು? ಹುಣಸೇಮರ ಒಂದು ಕಡಿದರೆ ಇನ್ನೊಂದು ಅಷ್ಟೆತ್ತರ ಆಗಲು ಒಬ್ಬ ಮನುಷ್ಯನ ಅರ್ಧ ಆಯಸ್ಸು ಬೇಕು.

'ಜನಕ್ಕೇ ನೀರಿಲ್ಲ' ಎನ್ನುವವರಿಗೆ

'ಜನಕ್ಕೇ ಕುಡಿಯೋಕೆ ನೀರಿಲ್ಲ, ಹಕ್ಕಿಗೇನ್ರೀ ಕೆರೆ?' ಎಂಬ ಮಾತು ಬಂದೇ ಬರುತ್ತದೆ. ನ್ಯಾಯವಾದ ಮಾತು, ಉತ್ತರ ಕೊಡಲೇಬೇಕು. ಹಕ್ಕಿ ಕೇಳುವುದು ಬೇರೆ ಕೆರೆಯನ್ನಲ್ಲ, ಅದೇ ಕೆರೆಯನ್ನು. ಹೆಜ್ಜಾರ್ಲೆ ಇಳಿಯುವ ಕೆರೆಯಲ್ಲಿ ನೀರಿದೆ, ಮೀನಿದೆ, ಉಸಿರಾಡುವ ಗಾಳಿ ನೀರಲ್ಲಿ ಕರಗಿದೆ. ಅಂಥ ಕೆರೆಯ ಕೆಳಗೆ ಬಾವಿಯಲ್ಲಿ ನೀರು ಇರುತ್ತದೆ, ದನಕ್ಕೆ ಕುಡಿಸಬಹುದು, ಮೀನುಗಾರನಿಗೆ ಬಲೆ ಬೀಸಬಹುದು. ಹಕ್ಕಿ ಇಳಿಯುವುದು ನಿಂತಿತು ಅಂದರೆ ಮುಂದಿನ ಸರದಿ ಯಾರದೆಂದು ಲೆಕ್ಕ ಹಾಕಿಕೊಳ್ಳಬೇಕು. ಕರೆಂಟಿನ ಮೀಟರು ಕಿತ್ತೆಸೆದರೆ ಬಿಲ್ಲು ಬರುವುದು ನಿಲ್ಲುತ್ತದೆಯೇ?

ಮೀನಿನ ಗುತ್ತಿಗೆದಾರನಿಗೂ ಒಂದು ಮಾತು. ಹಕ್ಕಿ ಮೀನು ತಿನ್ನುತ್ತದೆ ನಿಜ. ಬಿತ್ತನೆ ಮರಿ ಬಿಟ್ಟವನಿಗೆ ಸಂಕಟವಾಗುವುದೂ ನಿಜ. ಹಾಗಿದ್ದರೆ ಕೆರೆ ಹರಾಜಿನ ಮೊತ್ತದಲ್ಲೇ ಹಕ್ಕಿಯ ಪಾಲನ್ನು ಮುರಿದು ಹರಾಜು ಹಾಕಲಿ. ಬೆಳ್ಳೂರಿನ ಸುತ್ತಲ ಕೆರೆಗಳಿಗೆ ಮಾತ್ರ ಈ ರಿಯಾಯಿತಿ. ಒಬ್ಬ ಬಡ ಗುತ್ತಿಗೆದಾರನ ಗಂಟಿನಿಂದ ಹಕ್ಕಿ ಸಾಕುವುದೂ ಸರಿಯಲ್ಲ, ಪಟಾಕಿ ಹೊಡೆದು ಓಡಿಸುವುದೂ ಸರಿಯಲ್ಲ.

ಆಗಬೇಕಾದ್ದು

ಮೊದಲನೆಯದು, ಮರದ ಒಡೆಯರಿಗೆ ಪರಿಹಾರ. ಆಯಾ ವರ್ಷದ ಹುಣಸೆ ದರ ನೋಡಿ ನಿಗದಿ ಮಾಡಬೇಕು, ಗೂಡು ಇಳಿಯುವ ಮೊದಲೇ ಕೈಗೆ ಮುಟ್ಟಬೇಕು. ಮಗಳು ಗಂಡನ ಮನೆಗೆ ಹೊರಟ ಮೇಲೆ ಬಾಣಂತನದ ಖರ್ಚು ಕೊಟ್ಟರೆ ಏನು ಪ್ರಯೋಜನ? ಜೊತೆಗೆ ಪ್ರತಿ ಮಳೆಗಾಲ ಅರಳಿ, ಆಲ, ಹುಣಸೆ ಸಸಿ ನೆಟ್ಟು ಅವಕ್ಕೆ ಬೇಲಿ ಕಟ್ಟಬೇಕು. ನೆಟ್ಟು ಫೋಟೋ ತೆಗೆಸಿಕೊಂಡರೆ ಸಾಲದು.

ಎರಡನೆಯದು, ಕೆರೆ. ಸುತ್ತಲ ಕೆರೆಗಳಲ್ಲಿ ಬೇಸಿಗೆಗೆ ಒಂದಿಷ್ಟು ನೀರು ಉಳಿಯುವಂತೆ ನಾಲೆಯವರೂ ಪಂಚಾಯಿತಿಯವರೂ ಕೂತು ಮಾತಾಡಬೇಕು. ಮರಿಗಳು ಬಾಯಿ ಬಿಡುವ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೀರು ಬತ್ತಿದರೆ ಉಳಿದ ತಿಂಗಳು ತುಂಬಿದ್ದೂ ವ್ಯರ್ಥ.

ಮೂರನೆಯದು ಪೇಟೆಯವರದು. ಕೋಳಿ ಅಂಗಡಿಯ ಪುಕ್ಕ, ಹೋಟೆಲಿನ ಎಂಜಲು, ಪ್ಲಾಸ್ಟಿಕ್ ಚೀಲ ಹಳ್ಳಕ್ಕೆ ಸುರಿಯುವುದು ನಿಲ್ಲಬೇಕು. ಹಳ್ಳಕ್ಕೆ ಹೋದದ್ದು ಅಲ್ಲೇ ಇರುವುದಿಲ್ಲ. ಮಳೆ ಬಂದರೆ ಕೆರೆಗೆ ಪ್ರಯಾಣ. ನೋಡಲು ಹೋಗುವವರೂ ಮರದ ಬುಡಕ್ಕೆ ಕಾರು ತಂದು ಹಾರ್ನ್ ಹೊಡೆಯಬಾರದು. ತಾಯಿ ಗಾಬರಿಬಿದ್ದು ಎದ್ದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆ, ಹದ್ದಿನ ಪಾಲಾಗುತ್ತದೆ.

ನಾಲ್ಕನೆಯದು ಶಾಲೆಯವರದು. ಜನವರಿ, ಫೆಬ್ರವರಿಯಲ್ಲಿ ಶಾಲೆಯೂ ನಡೆಯುತ್ತಿರುತ್ತದೆ, ಗೂಡೂ ಇರುತ್ತದೆ. ಮದ್ದೂರು, ಮಳವಳ್ಳಿ, ಮಂಡ್ಯದ ಮಾಧ್ಯಮಿಕ ಶಾಲೆಗಳು ವರ್ಷಕ್ಕೊಂದು ದಿನ ಮಕ್ಕಳನ್ನು ಬಸ್ಸು ಹತ್ತಿಸಿ ಅಲ್ಲಿಗೆ ಕರೆದುಕೊಂಡು ಹೋಗಲಿ. ಮಕ್ಕಳು ಮರ ಎಣಿಸಲಿ, ಗೂಡು ಎಣಿಸಲಿ, ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮರುವರ್ಷ ಮುಂದಿನ ತಂಡ ಎಣಿಸಲಿ. ಹತ್ತು ವರ್ಷ ಕಳೆದರೆ ಜಿಲ್ಲೆಯ ಕೈಯಲ್ಲಿ ಹತ್ತು ವರ್ಷದ ಲೆಕ್ಕ ಇರುತ್ತದೆ. ಗೂಡು ಯಾವ ವರ್ಷ ಕಡಿಮೆಯಾಯಿತು, ಆ ವರ್ಷ ಯಾವ ಕೆರೆ ಒಣಗಿತ್ತು ಎಂದು ಆ ಮಕ್ಕಳೇ ಕೇಳುತ್ತಾರೆ. ಅಧಿಕಾರಿಗಳಿಗೆ ದೊಡ್ಡವರ ಅರ್ಜಿಗಿಂತ ಮಕ್ಕಳ ಪ್ರಶ್ನೆಯೇ ಹೆಚ್ಚು ಮುಜುಗರ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಕಮಿಟಿ ಬೇಡ, ಉದ್ಘಾಟನೆಯ ಕಲ್ಲೂ ಬೇಡ. ಬಸ್ಸಿನ ಚಾರ್ಜು, ಒಂದು ಬುತ್ತಿ, ಪಾಠ ಮಾಡುವ ಮೇಷ್ಟರಿಗೆ ಒಂದು ದಿನದ ಮನಸ್ಸು. ಹಕ್ಕಿಗಳು ಡಿಸೆಂಬರಿಗೆ ಬರುತ್ತವೆ. ಪರಿಹಾರದ ಕಡತ ಯಾವ ಮೇಜಿನ ಮೇಲೆ ಮಲಗಿದ್ದರೂ ಅಷ್ಟರೊಳಗೆ ಎಬ್ಬಿಸಿದರೆ ಸಾಕು.